ಆಡು ಮುಟ್ಟದ ಸೊಪ್ಪೂ ಇದೆ

ಚಳ್ಳಕೆರೆ ಸೀಮೆಯ ನಮ್ಮ ಬೀಳು ಹೊಲಕ್ಕೆ ಬಳ್ಳಾರಿ ಜಾಲಿ ಹೊಕ್ಕಾಗ ಜೆಸಿಬಿ ತರಿಸುವಷ್ಟು ದುಡ್ಡಿರಲಿಲ್ಲ, ಕಳೆನಾಶಕ ಹೊಡೆಯಲು ಮನಸ್ಸು ಬರಲಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನೇ ನಂಬಿ, ಬೇಸಿಗೆಯಲ್ಲಿ ಆಡಿನ ಮಂದೆ ನಿಲ್ಲಿಸಿದೆ. ಜಾಲಿಯೂ ಹೋಗುತ್ತದೆ, ಗೊಬ್ಬರವೂ ಬೀಳುತ್ತದೆ ಎಂಬ ಲೆಕ್ಕಾಚಾರ ನನ್ನದು.

ಆಡುಗಳು ಹಿಂಗಾಲ ಮೇಲೆ ನಿಂತು ಬದುವಿನ ಎಲಚಿ, ಕಾರೆ, ಬೇವಿನ ಚಿಗುರನ್ನೆಲ್ಲ ಸವರಿದವು. ಜಾಲಿಯ ಎಲೆಯನ್ನು ಮೂಸಿ ಮುಂದೆ ಹೋದವು, ಅದು ಅವಕ್ಕೆ ಒಗರು. ಆದರೆ ಬುಡದಲ್ಲಿ ಉದುರಿದ್ದ ಹಳದಿ ಕಾಯಿಗಳಿಗೆ ಮುಗಿಬಿದ್ದವು. ಕಾಯಿಯ ತಿರುಳು ಸಿಹಿ, ಒಳಗಿನ ಬೀಜದ ಸಿಪ್ಪೆ ಬಲು ಗಟ್ಟಿ. ಆಡು ಅಗಿದರೂ ಒಂದಷ್ಟು ಬೀಜ ಹಾಳಾಗದೆ ಹಿಕ್ಕೆಯ ಜೊತೆ ಹೊರಬೀಳುತ್ತದೆ, ಮಳೆ ಕಂಡರೆ ಮೊಳೆಯುತ್ತದೆ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಈ ಮರ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಊರೂರಿಗೆ ಅದನ್ನು ಹಬ್ಬಿಸಿದವುಗಳಲ್ಲಿ ಕಾಯಿ ತಿಂದ ದನ, ಆಡು, ಕುರಿಗಳ ಪಾಲು ದೊಡ್ಡದು.

ಮುಂಗಾರು ಬಿದ್ದ ಮೇಲೆ, ಮಂದೆ ಮಲಗಿದ್ದಲ್ಲೆಲ್ಲ ಹಿಕ್ಕೆಯ ನಡುವಿನಿಂದ ಜಾಲಿ ಸಸಿಗಳು ತಲೆಯೆತ್ತಿದವು. ಒಂದು ಮೂಲೆಯಲ್ಲಿದ್ದದ್ದು ಹೊಲದ ತುಂಬ ಹರಡಿತ್ತು. ಮಂದೆಯ ಹಿರಿಯರು ಅದನ್ನು ನೋಡಿ, "ಅಲ್ಲ ಸ್ವಾಮಿ, ಕಾಯಿ ಉದುರೋ ಹೊತ್ನಾಗೆ ಯಾಕೆ ಕರೆಸಿದ್ರಿ? ಒಂದ್ಮಾತು ಕೇಳಿದ್ರೆ ಹೇಳ್ತಿದ್ವಲ್ಲ" ಎಂದರು. ನಾನು ಅವರೊಡನೆ ಮಾತಾಡಿದ್ದು ರಾತ್ರಿಗಿಷ್ಟು ಎಂಬ ದರವನ್ನು ಮಾತ್ರ. ಬದುಕಿಡೀ ಆಡಿನ ಬಾಯಿಯನ್ನೇ ನೋಡಿಕೊಂಡು ಬಂದವರ ತಿಳಿವಳಿಕೆ ನನಗೆ ಬೇಕೆನಿಸಿರಲಿಲ್ಲ. ನಷ್ಟವಾದದ್ದು ಅಲ್ಲಿಂದಲೇ.

ಎಳೆಯ ಸಸಿಗಳನ್ನು ಹಸಿ ಇರುವಾಗಲೇ ಬೇರುಸಮೇತ ಕಿತ್ತೆವು. ಬಲಿತ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ಹಾಗಾಗಿ ಮಣ್ಣು ಬಗೆದು ಬುಡದ ಗಡ್ಡೆಯನ್ನೇ ತೆಗೆಸಬೇಕಾಯಿತು. ಉಳಿಸಲು ಹೋದ ದುಡ್ಡು ಕೂಲಿಗೆ ಹೋಯಿತು.

ಇಷ್ಟಾದರೂ ಆಡಿನಿಂದ ಕಳೆ ಹತೋಟಿಗೆ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅವು ತಿನ್ನುವ ಕಳೆಯಾಗಿರಬೇಕು, ಅದು ಬೀಜ ಕಟ್ಟುವ ಮೊದಲೇ ಮೇಯಬೇಕು. ಜಾಲಿಕಾಯಿ ತಿಂದ ಮಂದೆಯನ್ನು ಕೆಲವು ದಿನ ರೊಪ್ಪದಲ್ಲೇ ಕೂಡಿ, ಬೇರೆ ಮೇವು ಹಾಕಿ, ಆಮೇಲೆ ಹೊಲಕ್ಕೆ ಬಿಡಬೇಕು. ಲಾಂಟಾನ ಬೆಳೆದ ಕಡೆ ಹಸಿದ ಆಡುಗಳನ್ನು ಬಿಡಲೇಬಾರದು, ಅದರ ಎಲೆ ಅವುಗಳ ಪಿತ್ತಜನಕಾಂಗಕ್ಕೆ ವಿಷ. ಮಂದೆ ಕರೆಸುವವರು ಮೊದಲು ಮಂದೆಯವರನ್ನು ಹೊಲ ಸುತ್ತಿಸಿ, ಕಳೆ ತೋರಿಸಿ, ಏನು ಮೇಯುತ್ತವೆ, ಯಾವಾಗ ಬಿಡಬೇಕು ಎಂದು ಕೇಳಿ. ದರದ ಮಾತು ಆಮೇಲೆ ಆಡಿ.