ಓಗಿಯನ್‌ನ ಮನೆ ಬಾಗಿಲು

ಪರೀಕ್ಷೆ, ನೌಕರಿಯ ಧಾವಂತದಲ್ಲಿ ಕಥೆ ಪುಸ್ತಕ ಓದಲು ನಿಮಗೆ ಪುರುಸೊತ್ತಿಲ್ಲವೆಂದು ಬಲ್ಲೆ. ಆದರೂ ಅಮೆರಿಕದ ಲೇಖಕಿ ಅರ್ಸುಲಾ ಲೆಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಕಾದಂಬರಿಯನ್ನು ಒಮ್ಮೆ ಓದಿ.

ಗೆಡ್ ತಾಯಿಯಿಲ್ಲದ ಹಳ್ಳಿ ಹುಡುಗ. ಮಾಂತ್ರಿಕರ ಶಾಲೆಯಲ್ಲಿ ಸಹಪಾಠಿಯೊಡನೆ ಜಿದ್ದಿಗೆ ಬಿದ್ದು ಸತ್ತವಳೊಬ್ಬಳನ್ನು ಕರೆಯಲು ಹೋಗಿ, ಭಯಂಕರ ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ. ಅದು ಅವನ ಮುಖವನ್ನೇ ಸೀಳುತ್ತದೆ. ಅವನನ್ನು ಉಳಿಸಿದ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಗಾಯ ಮಾಯುತ್ತದೆ, ಭಯ ಮಾಯುವುದಿಲ್ಲ.

ವರ್ಷಗಳ ನಂತರ, ನೆರಳಿನಿಂದ ತಪ್ಪಿಸಿಕೊಳ್ಳಲು ಗಿಡುಗನಾಗಿ ಹಾರಿದ ಗೆಡ್, ತಾನು ಮನುಷ್ಯನೆಂಬುದನ್ನೇ ಮರೆತು ತನ್ನ ಹಳೆಯ ಗುರು ಓಗಿಯನ್‌ನ ಬಳಿ ಬಂದಿಳಿಯುತ್ತಾನೆ. ಮಿತಭಾಷಿ ಓಗಿಯನ್ ಬೈಯುವುದಿಲ್ಲ. ಗುರುತು ಹಿಡಿದು, ಮತ್ತೆ ಮನುಷ್ಯನನ್ನಾಗಿಸಿ, ಬೆಂಕಿಯ ಬಳಿ ಕೂರಿಸಿ ಉಪಚರಿಸುತ್ತಾನೆ. ಆಮೇಲೆ ಕೊಡುವ ಸಲಹೆ ಒಂದೇ: ಓಡುವುದನ್ನು ಬಿಟ್ಟು ತಿರುಗಿ ನಿಲ್ಲಬೇಕು. ಹೋರಾಟ ಮಾತ್ರ ಗೆಡ್‌ನದೇ. ಕೊನೆಗೆ ಆ ನೆರಳನ್ನು ತನ್ನದೇ ಹೆಸರು ಹಿಡಿದು ಕರೆದಾಗಲೇ ಅವನಿಗೆ ಬಿಡುಗಡೆ.

ನಿಮ್ಮಲ್ಲೂ ಕೆಲವರು ಹೊರಗೆ ನಗುತ್ತ, ಒಳಗೊಳಗೇ ಓಡುತ್ತಿರಬಹುದು. ಅಪ್ಪ ಅಮ್ಮನಿಗೆ ಹೇಳಲಾಗದಿದ್ದರೆ ಸೋದರತ್ತೆಯೋ, ಮಾವನೋ, ಹಳೆಯ ಮೇಷ್ಟ್ರೋ ಇದ್ದಾರು. ಯಾವ ರೂಪದಲ್ಲಿ ಹೋದರೂ ನಿಮ್ಮ ಗುರುತು ಹಿಡಿಯುವಂಥವರು. ತಡಮಾಡದೆ ಅವರ ಬಾಗಿಲು ತಟ್ಟಿ.