ನಾಲ್ಕು ಬೆರಳು ಹೊರಗೆ

ಅಪ್ಪಯ್ಯ ಹೋದದ್ದು ಕಳೆದ ವರ್ಷ, 2025ರ ಆಷಾಢದಲ್ಲಿ. ಚಂಡಿಕಾ ಹೊಳೆ ತುಂಬಿ ಹರಿಯುತ್ತಿತ್ತು. ಮಳೆ ಒಂದೇ ಸಮನೆ ಹೊಡೆದರೆ ಹೊಳೆ ನೀರು ಕುಮಟಾ–ಶಿರಸಿ ರಸ್ತೆಗೇ ಏರುವುದು ಕತಗಾಲದವರಿಗೆ ಹೊಸದಲ್ಲ. ಘಟ್ಟದ ಮೇಲಿನ ನೆಂಟರು ದೇವಿಮನೆ ಇಳಿದು ಬರುವುದಾದರೂ ಹೇಗೆ ಎಂದು ನಾವು ಕಂಗಾಲಾಗಿದ್ದಾಗ, ಎಲ್ಲರಿಗಿಂತ ಮೊದಲು ಅಂಗಳಕ್ಕೆ ಬಂದವರು ನೆಂಟರಲ್ಲ. ಅಪ್ಪಯ್ಯನ ಜೊತೆ ವಾಲಿಬಾಲ್ ಆಡಿದವರು. ಈಗ ಅರವತ್ತರ ಆಸುಪಾಸಿನವರು, ಮಂಡಿ ನೋವಿನವರು. ಹೊನ್ನಾವರ, ಭಟ್ಕಳದ ಕಡೆಯಿಂದಲೂ ಕೊಡೆ ಹಿಡಿದು ಬಂದರು.

ತೋಟದ ಕೆಲಸ ಬಿಟ್ಟರೆ ಅಪ್ಪಯ್ಯನಿಗೆ ಗೊತ್ತಿದ್ದದ್ದು ಆಟ. ಗದ್ದೆ ಕೊಯ್ಲು ಮುಗಿದು ನೆಲ ಬಿರುಸಾಯಿತೋ ಇಲ್ಲವೋ, ಅಡಿಕೆ ಮರದ ಎರಡು ಕಂಬ ನೆಟ್ಟು ಬಲೆ ಕಟ್ಟುವವರು ಅವರೇ. ಸುಣ್ಣದ ಗೆರೆ ಎಳೆಯುವಾಗ ಹಗ್ಗ ಹಿಡಿದು ಇನ್ನೊಂದು ತುದಿಯಲ್ಲಿ ನಿಲ್ಲುವ ಕೆಲಸ ನನ್ನದು. ಹಗ್ಗ ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಅಳಿಸಿ ಮತ್ತೆ ಎಳೆಯುತ್ತಿದ್ದರು. ಗೆರೆ ಸೊಟ್ಟಗಿದ್ದರೆ ಆಟವೂ ಸೊಟ್ಟಗಾಗುತ್ತದೆ ಎನ್ನುವುದು ಅವರ ಲೆಕ್ಕ.

ಮನೆಯೊಳಗಿನ ಆಟ ರೇಡಿಯೋದ್ದು. 1975ರ ಜನವರಿಯಲ್ಲಿ ಮದರಾಸಿನ ಟೆಸ್ಟು. ಜಗಲಿಯಲ್ಲಿ ಅಪ್ಪಯ್ಯ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು, ಪಕ್ಕದಲ್ಲಿ ರೇಡಿಯೋ. ಶೆಲ್ಲು ಇಳಿದಿತ್ತೆಂದು ಬೆಳಗ್ಗೆಯೇ ಬಿಸಿಲಿಗೆ ಇಟ್ಟು ಕಾಯಿಸಿದ್ದೆವು. ಇಂಗ್ಲಿಷ್ ವಿವರಣೆ ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಜನರ ಗದ್ದಲದಿಂದ ಊಹಿಸುತ್ತಿದ್ದರು. ಆ್ಯಂಡಿ ರಾಬರ್ಟ್ಸ್ ಒಬ್ಬೊಬ್ಬರನ್ನೇ ಕಳಿಸುತ್ತಿದ್ದಾಗ ಒಳಗಿನಿಂದ ಬಂದ ಯಾರನ್ನೇ ಆಗಲಿ ಕೇಳುತ್ತಿದ್ದದ್ದು ಒಂದೇ ಮಾತು: "ವಿಶ್ವನಾಥ ಇದ್ನಾ?" ಇದ್ದ. ತಂಡದ 190ರಲ್ಲಿ 97 ಅವನದ್ದು, ಅಜೇಯ. ನೂರಕ್ಕೆ ಮೂರು ಉಳಿಯಿತಲ್ಲ ಎಂದು ನಾನು ಅತ್ತೆ. ಅಪ್ಪಯ್ಯ ಅಳಲಿಲ್ಲ, ಒಳಗೆ ಹೋಗಿ ಪಟ್ಟಿ ತಂದರು.

ಆ ಪಟ್ಟಿಯ ವಿಷಯ ಹೇಳಬೇಕು. ನಮ್ಮ ಶಾಲೆಯ ಪಟ್ಟಿಗಳಲ್ಲಿ ವರ್ಷದ ಕೊನೆಗೆ ಉಳಿಯುತ್ತಿದ್ದ ಖಾಲಿ ಹಾಳೆಗಳನ್ನು ಹರಿದು, ಹೊಲಿದು, ಅವರೇ ಕಟ್ಟಿಕೊಂಡದ್ದು. ಒಂದು ಕಡೆ ಅಡಿಕೆ ಮಾರಿದ್ದು, ಕೊನೆಗಾರನಿಗೆ ಕೊಟ್ಟಿದ್ದು. ತಿರುಗಿಸಿದರೆ ಆಟ. ಎಲ್ಲ ಆಟವನ್ನೂ ಬರೆಯುತ್ತಿರಲಿಲ್ಲ. ಬರೆದದ್ದರಲ್ಲೂ ಅಂಕಿಗಿಂತ ಕೆಳಗಿನ ಒಂದು ಸಾಲು ಮುಖ್ಯ. 1980ರ ಫೆಬ್ರುವರಿ, ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಅದೇ ವಿಶ್ವನಾಥ. ಇಂಗ್ಲೆಂಡಿನ ಐದು ವಿಕೆಟ್ 58ಕ್ಕೆ ಬಿದ್ದಿದ್ದವು. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ಚೆಂಡು ತಾಗಿಲ್ಲ ಎಂದು ವಿಶ್ವನಾಥ್ ಅವನನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ಓಟ ಮಾಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಊರಲ್ಲಿ ಎಷ್ಟೋ ಜನ ವಿಶ್ವನಾಥನ ಬುದ್ಧಿಗೇಡಿತನ ಎಂದರು. ಅಪ್ಪಯ್ಯನ ಪಟ್ಟಿಯಲ್ಲಿ ಬೋಥಮನ ಶತಕವೂ ಇಲ್ಲ, ಅವನ 13 ವಿಕೆಟ್ಟೂ ಇಲ್ಲ. "ಸೋಲು. ವಿಶ್ವನಾಥ ಟೇಲರನ ತಿರುಗಿ ಕರೆದ" ಎಂದಿದೆ, ಅಷ್ಟೇ.

ಇದು ಬರೇ ಬರವಣಿಗೆಯ ಮಾತಲ್ಲ ಎಂದು ನನಗೆ ತಿಳಿದದ್ದು ಏಳು ವರ್ಷದ ನಂತರ. ಊರಿನ ಗದ್ದೆಯಲ್ಲೇ ಪಂದ್ಯ, ಗ್ಯಾಸ್‌ಲೈಟಿನ ಬೆಳಕು, ಎದುರಿಗೆ ಹೊನ್ನಾವರದ ಕಡೆಯ ತಂಡ. ಆಗಿನ್ನೂ ಹದಿನೈದಂಕದ ಆಟ. ಸರ್ವಿಸ್ ಮಾಡಿದವರಿಗೆ ಮಾತ್ರ ಅಂಕ. ಮೂರನೇ ಸೆಟ್ಟು, ಅವರದ್ದು 14, ನಮ್ಮದು 12, ಸರ್ವಿಸ್ ಅವರ ಕೈಯಲ್ಲಿ. ನನಗೆ ಎತ್ತಿ ಕೊಟ್ಟ ಚೆಂಡನ್ನು ಮೈಯೆಲ್ಲ ಬಲ ಹಾಕಿ ಹೊಡೆದೆ. ಗೆರೆಯ ಪಕ್ಕ ಸುಣ್ಣದ ಪುಡಿಯೋ ಧೂಳೋ ಎದ್ದಿತು. ಊರಿಗೆ ಊರೇ ಕೂಗಿತು. ಆ ಮೂಲೆಯ ಗೆರೆ ನೋಡಲು ನಿಂತವರು ಅಪ್ಪಯ್ಯ. ಕೈ ಮೇಲೆತ್ತಿದರು: ಹೊರಗೆ.

ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಆಯಿ ಬಡಿಸುವಾಗ ಅವರೇ ಅಂದರು, "ನಾಲ್ಕು ಬೆರಳು ಹೊರಗೆ ಬಿದ್ದಿತ್ತು ತಮಾ. ಆನು ಕಂಡದ್ದ ಹೇಳ್ದಿ." ಪಟ್ಟಿ ತೆಗೆದು ನೋಡಿದರೆ ಅಲ್ಲಿಯೂ ಅದೇ ಇತ್ತು, ಒಂದು ಮಾತು ಹೆಚ್ಚಿಗೆ: "ಮಾಣಿ ಚೆಂದ ಹೊಡೆದ." ನನಗೆ ಬೇಕಾಗಿದ್ದ ಮಾತು ಮೂರು ದಿನದಿಂದ ಅಡಿಕೆ ಲೆಕ್ಕದ ಬೆನ್ನಿಗೆ ಕೂತಿತ್ತು. ಬಾಯಲ್ಲಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಆಟದ ಹುಚ್ಚಿನವರು ಮನೆ ಮರೆಯುತ್ತಾರೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕುಮಟೆಯ ಮಣಕಿ ಮೈದಾನದಲ್ಲಿ ಎಂಥ ಪಂದ್ಯವೇ ಇರಲಿ, ತೋಟಕ್ಕೆ ನೀರು ಬಿಡದೆ ಅಪ್ಪಯ್ಯ ಬಸ್ಸು ಹತ್ತಿದವರಲ್ಲ. ರಾತ್ರಿ ಬರುವಾಗ ಆಯಿಗೆ ಒಂದು ಮಾರು ಹೂ ಇರುತ್ತಿತ್ತು. ಅಕ್ಕನನ್ನು ಥ್ರೋಬಾಲಿಗೆ ತಾಲೂಕು ಮಟ್ಟಕ್ಕೆ ಆರಿಸಿದಾಗ, ಬೆಳೆದ ಹುಡುಗಿಯನ್ನು ಮೈದಾನಕ್ಕೆ ಕಳಿಸುವುದೇ ಎಂದು ಹಿರಿಯರು ರಾಗ ಎಳೆದರು. ಅಪ್ಪಯ್ಯ ವಾದಕ್ಕೆ ನಿಲ್ಲಲಿಲ್ಲ. ಬುತ್ತಿ ಕಟ್ಟಿಸಿಕೊಂಡು ತಾವೇ ಕರೆದುಕೊಂಡು ಹೋಗಿ ಇಡೀ ದಿನ ಮರದ ಬುಡದಲ್ಲಿ ಕೂತು ಬಂದರು. ಅಕ್ಕ ಈಗಲೂ ಆ ದಿನದ ಬಗ್ಗೆ ಮಾತೆತ್ತಿದರೆ ಕಣ್ಣೊರೆಸಿಕೊಳ್ಳುತ್ತಾಳೆ.

ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುತ್ತಾ, ಅಂದು ಎದುರಾಳಿ ತಂಡದಲ್ಲಿ ಆಡಿದ್ದ ಹೊನ್ನಾವರದವರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಕತಗಾಲಕ್ಕೆ ಬಂದರೆ ಲೈನಿಗೆ ನಮ್ಮ ಕಡೆಯವ ಬೇಕು ಅಂತ ನಾವು ಯಾವತ್ತೂ ಕೇಳಲಿಲ್ಲ. ನಿಮ್ಮಪ್ಪ ಇದ್ದರೆ ಸಾಕಿತ್ತು" ಎಂದರು. ಎಷ್ಟೋ ಜನ ಸಮಾಧಾನ ಹೇಳಿದ್ದರು. ನನಗೆ ನೆನಪಿರುವುದು ಇದೊಂದೇ.

ಅವರೆಲ್ಲ ಹೋದ ಮೇಲೆ ಪಟ್ಟಿ ತೆಗೆದೆ. ಕೈ ನಡುಗುತ್ತಿದ್ದ ಕಾಲದ ಅಕ್ಷರ, ಸಾಲು ಕೆಳಗಿಳಿದಿದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ಓಟಗಳಿಂದ ಸೋಲಿಸಿ ಹದಿನೆಂಟನೇ ವರ್ಷಕ್ಕೆ ಕಪ್ ಗೆದ್ದಾಗ ಮೊಮ್ಮಕ್ಕಳ ಜೊತೆ ಚಪ್ಪಾಳೆ ತಟ್ಟಿ ಕೂತಿದ್ದರು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದ ಸುದ್ದಿ ಬಂದಾಗ ತಾವೇ ಎದ್ದು ಹೋಗಿ ಟೀವಿ ಆರಿಸಿದ್ದರು. ಆ ಗೆಲುವಿನ ಅಂಕಿ ಬರೆದಿರುತ್ತಾರೆ ಎಂದುಕೊಂಡಿದ್ದೆ. ಬರೆದಿರಲಿಲ್ಲ. ಪಟ್ಟಿಯ ಕೊನೆಯ ಸಾಲು ಹೀಗಿದೆ: "ಜೂನ್ 4. ಬೆಂಗಳೂರು. ಆಟ ನೋಡುವ ಮಕ್ಕಳು 11 ಜನ ಹೋದರು."