ಬಿಸಿಲಚ್ಚಿನ ನೆಪದಲ್ಲಿ ರೋಣದ ಸೀಮೆ

ಗದಗಿನಿಂದ ಉತ್ತರಕ್ಕೆ ಹೊರಟು ಬಾದಾಮಿಯನ್ನು ಸೇರುವ ಪ್ರವಾಸಿಗರು ನಡುವಣ ರೋಣದ ಸೀಮೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುವುದು ವಾಡಿಕೆ. ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು, ನೆತ್ತಿಯ ಮೇಲೆ ಮರೆಯಿಲ್ಲದ ಬಿಸಿಲು. ಈ ಬಿಸಿಲನ್ನು ಬಯ್ಯದ ಪ್ರವಾಸಿಗನಿಲ್ಲ. ಅದರಿಂದಲೇ ಒಂದು ಕೆಲಸ ತೆಗೆಯಬೇಕೆಂಬ ಹಂಬಲದಿಂದ ನಾನು ರೋಣ, ಗಜೇಂದ್ರಗಡ, ನರಗುಂದಗಳ ದಾರಿ ಹಿಡಿದೆ. ಹಾಳೆಗೆ ರಸಾಯನ ಬಳಿದು, ಬಿಸಿಲಿನಲ್ಲಿಟ್ಟು ಚಿತ್ರ ಮೂಡಿಸುವ ಹಳೆಯ ವಿದ್ಯೆಯನ್ನು ಇಲ್ಲಿಯೇ ಮಾಡಿ ನೋಡುವುದಕ್ಕೆ ಕಾರಣವೂ ಇದ್ದಿತು.

1855ರಲ್ಲಿ ಬೊಂಬಾಯಿ ಸರಕಾರವು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬವನನ್ನು ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ದುಡಿದ. ಅವನ ಬಳಿಕ ಆ ಹೊಣೆಯನ್ನು ಹೊತ್ತವನು ವೈದ್ಯಕೀಯ ಇಲಾಖೆಯ ಡಾಕ್ಟರ್ ವಿಲಿಯಂ ಹೆನ್ರಿ ಪಿಗೂ. ಲಕ್ಕುಂಡಿ, ಗದಗ, ಡಂಬಳಗಳ ದೇಗುಲಗಳು ಇವನ ಪಾಲಿಗೆ ಬಂದವು. ಇವರಿಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬನ ಚಿತ್ರಗಳು ಮೆಡೋಸ್ ಟೇಲರನ ಐತಿಹಾಸಿಕ ಬರಹದೊಡನೆ, ಫರ್ಗುಸನ್ನನ ಟಿಪ್ಪಣಿಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವೇ ಅದರ ವಿಷಯ. ಅಷ್ಟರಲ್ಲಿ ಪಿಗೂ ತೀರಿಕೊಂಡು ಎಂಟು ವರ್ಷವಾಗಿತ್ತು.

ಲಕ್ಕುಂಡಿ ಈಚೆಗೆ, ಬಾದಾಮಿ ಆಚೆಗೆ. ನಡುವೆ ರೋಣದ ಸೀಮೆ. ಆ ಕಾಲದ ಚಿತ್ರಗಳಲ್ಲಿ ನಾನು ಕಂಡವುಗಳೊಳಗೆ ಸೂಡಿಯದೊಂದೂ ಇಲ್ಲ. ಆ ಕೊರತೆಯೇ ನನ್ನನ್ನು ಇತ್ತ ಎಳೆದು ತಂದಿತು.

ಅಂದಿನ ಕ್ಯಾಮರಾದಲ್ಲಿ ಫಿಲ್ಮು ಇರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟು ಪಡೆದ ಕ್ರಮದಂತೆ ಕಾಗದಕ್ಕೇ ಬೆಳ್ಳಿಯ ಲವಣ ಸವರಿ ನೆಗೆಟಿವ್ ಮಾಡುತ್ತಿದ್ದರು. ಕಾಗದ ಪಾರದರ್ಶಕವಾಗಲೆಂದು ಮೇಣ ಹಚ್ಚುವುದೂ ಉಂಟು. ಗಾಜಿನ ಹಲಗೆಗಳಾದರೆ ಎತ್ತಿನ ಗಾಡಿಯ ಕುಲುಕಾಟಕ್ಕೆ ಒಡೆಯುತ್ತಿದ್ದವು. ಹಸಿಯಾಗಿರುವಾಗಲೇ ಕತ್ತಲೆಯ ಡೇರೆಯೊಳಗೆ ಅವುಗಳ ಸಂಸ್ಕಾರ ಮುಗಿಯಬೇಕಿತ್ತು. ಕಾಗದಕ್ಕೆ ಆ ಅವಸರವಿಲ್ಲ. ಆದರೆ ಒಂದೊಂದು ಚಿತ್ರಕ್ಕೂ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಕಂಬ, ತೋರಣ, ನಂದಿ ಕದಲದೆ ಕುಳಿತು ಮೂಡಿದವು. ಅಂಗಳದಲ್ಲಿ ನಡೆದು ಹೋದ ಪೂಜಾರಿ ಮೂಡಲಿಲ್ಲ. ಮೇವು ಹೊತ್ತ ಹೆಂಗಸೂ ಮೂಡಲಿಲ್ಲ. ಆ ಚಿತ್ರಗಳಲ್ಲಿ ನಮ್ಮ ಊರುಗಳು ಜನ ಬಿಟ್ಟುಹೋದ ಊರುಗಳಂತೆ ತೋರುವುದಕ್ಕೆ ಇದೂ ಒಂದು ಕಾರಣ. ಇನ್ನು ಅಚ್ಚಿನ ಹಾಳೆಗೆ ಬಳಿಯುತ್ತಿದ್ದುದು ಮೊಟ್ಟೆಯ ಬಿಳಿ. ಶಿವಾಲಯಗಳ ಚಿತ್ರ ಮೊಟ್ಟೆಯ ಮೇಲೆ ನಿಂತಿತೆಂದರೆ ಮಡಿವಂತರು ಏನೆನ್ನುವರೋ!

ನಾನು ಆರಿಸಿಕೊಂಡದ್ದು ಇನ್ನೂ ಸರಳವಾದ ಕ್ರಮ. 1842ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಅಚ್ಚು, ಅಂದರೆ ಸಯನೋಟೈಪು. ಇದಕ್ಕೆ ಬೆಳ್ಳಿ ಬೇಡ, ಕಬ್ಬಿಣದ ಲವಣ ಸಾಕು. ಎಂಜಿನಿಯರರ ಕಚೇರಿಗಳಲ್ಲಿ ಬಹುಕಾಲ ನಕ್ಷೆಗಳ ಪ್ರತಿ ತೆಗೆದದ್ದು ಇದರಿಂದಲೇ. ಆ ಕಾಗದ ಕಣ್ಮರೆಯಾದರೂ ‘ನೀಲಿನಕ್ಷೆ’ ಎಂಬ ಮಾತು ವೃತ್ತಪತ್ರಿಕೆಗಳಲ್ಲಿ ದಿನವೂ ಓಡಾಡುತ್ತಿದೆ.

ಸೂಡಿಯನ್ನು ನೋಡದೆ ಈ ಸೀಮೆಯನ್ನು ನೋಡಿದೆನೆನ್ನುವುದು ಸಲ್ಲದು. ಕಲ್ಯಾಣದ ಚಾಲುಕ್ಯರ ಟಂಕಸಾಲೆಯಿದ್ದ ಊರು. ಹನ್ನೊಂದನೆಯ ಶತಮಾನದಲ್ಲಿ ರಾಜಪುತ್ರಿ ಅಕ್ಕಾದೇವಿ ಆಳಿದ ನಾಡು. ಜೋಡು ಕಳಸದ ಗುಡಿಯಲ್ಲಿ ಎರಡು ಶಿಖರಗಳು ಎದುರುಬದುರಾಗಿ ನಿಂತಿವೆ. ನಾಗಕುಂಡವೆಂಬ ಕಲ್ಲಿನ ಪುಷ್ಕರಣಿಯ ಗೋಡೆಗಳಲ್ಲಿ ಕೆತ್ತನೆಯ ಕೆಲಸ ಎಷ್ಟು ನಯವೆಂದರೆ, ನೀರು ಸೇದಲು ಇಳಿದವರು ಕೊಡ ಮರೆತು ನಿಂತಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಮೆಟ್ಟಿಲುಗಳ ನೆರಳು ಗೆರೆ ಎಳೆದಂತೆ ಬೀಳುತ್ತದೆ. ಅಲ್ಲಿ ತೆಗೆದ ಚಿತ್ರಗಳನ್ನು ಜೆರಾಕ್ಸ್ ಅಂಗಡಿಯೊಂದರಲ್ಲಿ ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಆಗಿ ಮುದ್ರಿಸಿಕೊಂಡೆ. ಪಿಗೂ ಮೇಣ ಸವರಿದ ಕೆಲಸ ನನಗೆ ಎರಡು ನಿಮಿಷದಲ್ಲಿ ಮುಗಿಯಿತು.

ಮರುದಿನ ಗಜೇಂದ್ರಗಡ. ಕೋಟೆಯ ಊರು, ನೇಕಾರರ ಊರು. ಪಟ್ಟೇದ ಅಂಚಿನ ಸೀರೆ ಇಲ್ಲಿಯ ಹೆಸರನ್ನು ಹೊರಗೆ ಒಯ್ದಿದೆ. ಸಮೀಪದ ಗುಡ್ಡದಲ್ಲಿ ಕಾಲಕಾಲೇಶ್ವರ. ಅಲ್ಲಿಯ ಅಂತರಗಂಗೆ ಬೇಸಗೆಯಲ್ಲಿಯೂ ಬತ್ತದೆಂದು ಪ್ರತೀತಿ. ನನಗೋ ನೀರಿನದೇ ಚಿಂತೆ. ಬಿಸಿಲಚ್ಚನ್ನು ಕೊನೆಗೆ ನೀರಿನಲ್ಲಿ ತೊಳೆಯಬೇಕು. ನೀರಿನಲ್ಲಿ ಕ್ಷಾರವಿದ್ದರೆ ನೀಲಿ ಬಿಳಚಿಕೊಳ್ಳುತ್ತದೆ. ಬೆಳ್ಳಿಯ ಲವಣಕ್ಕಂತೂ ಉಪ್ಪಿನ ಅಂಶವಿರುವ ನೀರು ತಾಗಿದರೆ ಹಾಲಿನಂತೆ ಒಡೆದುಹೋಗುವುದು. ಸವಳು ನೀರಿನ ಬಾವಿಗಳಿರುವ ಕಡೆ ಅಂದಿನವರು ಮಳೆನೀರನ್ನೋ ಭಟ್ಟಿ ಇಳಿಸಿದ ನೀರನ್ನೋ ಕಾದಿರಿಸಿಕೊಳ್ಳಲೇ ಬೇಕಿತ್ತು. ನಾನು ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ತುಂಬಿಸಿಕೊಂಡು, ಎರಡು ಹನಿ ನಿಂಬೆರಸ ಹಿಂಡಿದೆ.

ಇಳಿದುಕೊಂಡ ಮನೆಯ ಮಾಳಿಗೆಯ ಮೇಲೆ ಗಾಜಿನಡಿಯಲ್ಲಿ ಹಾಳೆ ಒಡ್ಡಿದೆ. ಹಳದಿಹಸುರಿನ ಬಣ್ಣ ನೋಡನೋಡುತ್ತ ಬೂದಿಯ ಬಣ್ಣಕ್ಕೆ ತಿರುಗಿತು. ಪಕ್ಕದ ಮನೆಯ ಮುದುಕರು, ಮಗ್ಗದಲ್ಲಿಯೇ ಆಯುಷ್ಯ ಕಳೆದವರು, ಹತ್ತಿ ಬಂದರು.

“ಹಾಳಿ ಯಾಕ ಒಣಗಸಾಕ ಇಟ್ಟೀರಿ ಸರ?”

“ಚಿತ್ರ ಮೂಡುತ್ತದೆ ಅಜ್ಜಾರ, ನೋಡಿರಿ.”

ಹತ್ತು ನಿಮಿಷದ ಮೇಲೆ ನೀರಿಗೆ ಹಾಕಿದೆ. ಹಳದಿ ಕರಗಿ ಇಳಿದು, ಬಿಳಿಯ ನಡುವೆ ಸೂಡಿಯ ಶಿಖರಗಳು ನೀಲಿಯಾಗಿ ಎದ್ದು ಬಂದವು. ಅಜ್ಜನವರು ನೆಗೆಟಿವನ್ನೂ ಅಚ್ಚನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. “ನೆಳ್ಳು ಬಿದ್ದಲ್ಲೆ ಬೆಳ್ಳಗ, ಬಿಸಲು ಬಿದ್ದಲ್ಲೆ ನೀಲಿ. ಎಲ್ಲಾ ಉಲ್ಟಾ ಐತೆಲ್ರೀ! ನಮ್ಮ ಬಣ್ಣದ ತೊಟ್ಟಿ ಕೆಲಸನ ಇದು.” ಛಾಯಾಚಿತ್ರದ ಪಾಠಪುಸ್ತಕಗಳು ಎರಡು ಪುಟದಲ್ಲಿ ಹೇಳುವುದನ್ನು ಇಷ್ಟು ಮಾತಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಅಚ್ಚನ್ನು ಅವರಿಗೇ ಕೊಟ್ಟೆ. ಒಣಗಿದಂತೆ ನೀಲಿ ಇನ್ನೂ ಗಾಢವಾಗುವುದೆಂದು ಹೇಳಲು ಮರೆಯಲಿಲ್ಲ.

ಕಡೆಯ ದಿನ ನರಗುಂದ. ಬಯಲಿನ ನಡುವೆ ಒಮ್ಮೆಲೆ ಎದ್ದು ನಿಂತ ಗುಡ್ಡ, ಅದರ ಮೇಲೆ ಹಾಳು ಕೋಟೆ. ಪಿಗೂ ತೀರಿಕೊಂಡ 1858ರಲ್ಲಿಯೇ ಇಲ್ಲಿಯ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಮೇ 29ರ ರಾತ್ರಿ ಸೂರೇಬಾನದಲ್ಲಿ ಅಧಿಕಾರಿ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಅರಸನನ್ನು ಗಲ್ಲಿಗೇರಿಸಿದರು. ಎರಡು ವಾರದ ಕಥೆ. ನಿಮಿಷಗಟ್ಟಲೆ ಅಲುಗದೆ ನಿಲ್ಲುವ ಕಲ್ಲನ್ನು ಹಿಡಿಯಬಲ್ಲ ಕಾಗದಕ್ಕೆ ಅಂತಹ ರಾತ್ರಿ ದಕ್ಕುವುದು ಹೇಗೆ? ಕುದುರೆಯ ಓಟವೂ ಪಂಜಿನ ಬೆಳಕೂ ಅದರ ಅಳವಿಗೆ ಮೀರಿದ್ದವು. ಇದೇ ಸೀಮೆಯ ದೇಗುಲಗಳ ಒಂದೊಂದು ಬಳ್ಳಿಸುಳಿಯೂ ಲಂಡನ್ನಿಗೆ ಹೋಗಿ ಗ್ರಂಥವಾಯಿತು. ಇಲ್ಲಿ ಸತ್ತವರ ಮುಖ ಲಾವಣಿ ಹಾಡುವವರ ಬಾಯಲ್ಲಿ ಮಾತ್ರ ಉಳಿಯಿತು.

ಮಸೂರಕ್ಕೆ ಕಪ್ಪು ಗಾಜು ಕಟ್ಟಿ ನಾನೂ ಐದು ನಿಮಿಷ ಗುಡ್ಡದತ್ತ ಕ್ಯಾಮರಾ ತೆರೆದಿಟ್ಟೆ. ಬುಡದಲ್ಲಿ ಸಂತೆಗೆ ಹೊರಟ ಜನ, ಟ್ರ್ಯಾಕ್ಟರು, ಶಾಲೆ ಬಿಟ್ಟ ಮಕ್ಕಳು. ಅಚ್ಚಿನಲ್ಲಿ ಗುಡ್ಡ ಚೆನ್ನಾಗಿ ಬಂದಿದೆ. ಕೆಳಗೆ ರಸ್ತೆ ಬರಿದಾಗಿದೆ. ಬೇವಿನ ಮರದಡಿಯಲ್ಲಿ ಚೀಲದ ಮೇಲೆ ಕುಳಿತು ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ಮಾತ್ರ, ಕದಲದೆ ಇದ್ದುದರಿಂದ, ಉಳಿದಿದ್ದಾಳೆ.